ಅನ್ನ, ಮುದ್ದೆ ಬಿಟ್ಟು ಒಂಬತ್ತು ದಿನವಾಯಿತು: 16ನೇ ವಯಸ್ಸಿನಲ್ಲಿ ಲೋ ಕಾರ್ಬ್ ಪಥ್ಯ ಮುಂದುವರಿಸಬಹುದೇ?

ಕಬ್ಬಿನಗದ್ದೆ (ಪ್ರಶ್ನೆ)

ಹಿರಿಯರಿಗೆ ನಮಸ್ಕಾರ. ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯವನು. ವಯಸ್ಸು 16, ಪ್ರಥಮ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದೇನೆ. ಹೈಸ್ಕೂಲಿನಲ್ಲಿ ಕಬಡ್ಡಿ ತಂಡದಲ್ಲಿದ್ದೆ. ಎಸ್ಸೆಸ್ಸೆಲ್ಸಿ ವರ್ಷ ಆಟ ನಿಂತು ಟ್ಯೂಷನ್ ಹೆಚ್ಚಾಯಿತು. ಒಂದೇ ವರ್ಷದಲ್ಲಿ ಎರಡು ಸಲ ಹೊಸ ಪ್ಯಾಂಟು ಹೊಲಿಸಬೇಕಾಯಿತು. ಈಗ ನನ್ನ ಎತ್ತರ 168 ಸೆಂಟಿಮೀಟರ್, ತೂಕ 84 ಕಿಲೋ. ಕಾಲೇಜು ತಂಡದ ಆಯ್ಕೆಗೆ ಹೋದಾಗ ಮೇಷ್ಟ್ರು ಎಲ್ಲರ ಎದುರೇ "ಮೊದಲು ಹತ್ತು ಕಿಲೋ ಇಳಿಸಿಕೊಂಡು ಬಾ" ಎಂದುಬಿಟ್ಟರು.

ಮೊಬೈಲಿನಲ್ಲಿ ನೋಡಿದ ಒಂದು ವಿಡಿಯೋದಲ್ಲಿ ದಿನಕ್ಕೆ 20 ಗ್ರಾಂಗಿಂತ ಹೆಚ್ಚು ಕಾರ್ಬೋಹೈಡ್ರೇಟ್ (ಕಾರ್ಬ್, ಅಂದರೆ ಪಿಷ್ಟ ಮತ್ತು ಸಕ್ಕರೆಯ ಅಂಶ) ತಿನ್ನದಿದ್ದರೆ ಮೈಯ ಕೊಬ್ಬು ತಾನಾಗಿಯೇ ಕರಗುತ್ತದೆ ಎಂದು ಹೇಳಿದ್ದರು. ಅದನ್ನು ನಂಬಿ ಅನ್ನ, ಮುದ್ದೆ, ಚಪಾತಿ, ಇಡ್ಲಿ, ಹಣ್ಣು ಎಲ್ಲವನ್ನೂ ನಿಲ್ಲಿಸಿದೆ. ಬೆಳಿಗ್ಗೆ ಮೂರು ಮೊಟ್ಟೆ ತಿನ್ನುತ್ತೇನೆ. ಮಧ್ಯಾಹ್ನ ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿಯನ್ನು ಗೆಳೆಯನಿಗೆ ಕೊಟ್ಟು ಹುರಿದ ಕಡಲೆಕಾಯಿ ಬೀಜ ತಿನ್ನುತ್ತೇನೆ. ರಾತ್ರಿ ಪನೀರ್ ಅಥವಾ ಕೋಳಿಸಾರಿನ ತುಂಡು ಮಾತ್ರ. ಮುದ್ದೆ ಏಕೆ ಬೇಡವೆಂದು ಅಮ್ಮ ಕೇಳಿದರೆ "ಬಸ್‌ಸ್ಟ್ಯಾಂಡಿನಲ್ಲಿ ತಿಂದು ಬಂದೆ" ಎಂದು ಸುಳ್ಳು ಹೇಳುತ್ತಿದ್ದೇನೆ.

ಒಂಬತ್ತು ದಿನಗಳಲ್ಲಿ 3.2 ಕಿಲೋ ಇಳಿದಿದೆ. ಖುಷಿಯಾಗಬೇಕಿತ್ತು. ಆದರೆ ಮೂರನೆಯ ದಿನದಿಂದ ತಲೆನೋವು ಶುರುವಾಗಿದೆ, ಮಲಬದ್ಧತೆಯಿದೆ, ಬಾಯಿಯಿಂದ ಕೊಳೆತ ಹಣ್ಣಿನಂಥ ವಾಸನೆ ಬರುತ್ತಿದೆಯೆಂದು ಪಕ್ಕದಲ್ಲಿ ಕೂರುವ ಗೆಳೆಯ ಹೇಳಿದ. ಮೊನ್ನೆ ಅಭ್ಯಾಸದಲ್ಲಿ ರೈಡಿಗೆ ಹೋದವನಿಗೆ ಕಣ್ಣು ಕತ್ತಲೆ ಬಂದು ನಡುಗೆರೆಗೆ ಹಿಂದಿರುಗುವ ಮೊದಲೇ ಕುಸಿದು ಕುಳಿತೆ. ಇದೆಲ್ಲ ಒಗ್ಗಿಕೊಳ್ಳುವ ಹಂತ, ಎರಡು ವಾರದಲ್ಲಿ ಸರಿಹೋಗುತ್ತದೆ ಎಂದು ವಿಡಿಯೋ ಹೇಳುತ್ತದೆ. ನನ್ನ ವಯಸ್ಸಿನವರು ಇದನ್ನು ಮುಂದುವರಿಸಬಹುದೇ? ರಾಗಿಯಲ್ಲಿ ಕಾರ್ಬ್ ಕಡಿಮೆ ಎಂದು ಅಪ್ಪ ಹೇಳುವುದು ನಿಜವೇ? ಸಂಬಂಧವಿದೆಯೋ ಇಲ್ಲವೋ ತಿಳಿಯದು, ಒಂದು ವರ್ಷದಿಂದ ನನ್ನ ಕತ್ತಿನ ಹಿಂಭಾಗ ಕಪ್ಪಗಾಗಿ ದಪ್ಪವಾಗಿದೆ. ಅಮ್ಮ ನಿಂಬೆಹಣ್ಣು, ಕಡಲೆಹಿಟ್ಟು ಹಾಕಿ ಎಷ್ಟು ಉಜ್ಜಿದರೂ ಹೋಗಿಲ್ಲ.

ಹುಬ್ಬಳ್ಳಿ ಕಾಕಾ

ತಮ್ಮಾ, ಹೆದರಬೇಡ. ನನಗೆ ಈಗ 54 ವರ್ಷ. ಸಕ್ಕರೆ ಕಾಯಿಲೆ ಬಂದು ಎರಡು ಬಗೆಯ ಮಾತ್ರೆ ನುಂಗುತ್ತಿದ್ದವನು ರೊಟ್ಟಿ, ಅನ್ನ ಕಡಿಮೆ ಮಾಡಿ, ಕಾಳುಪಲ್ಯ, ಮೊಟ್ಟೆ, ಮೊಸರು ಹೆಚ್ಚು ಮಾಡಿದ ಮೇಲೆ ಒಂದು ಮಾತ್ರೆಗೆ ಇಳಿದಿದ್ದೇನೆ, ಹನ್ನೊಂದು ಕಿಲೋ ಇಳಿದಿದ್ದೇನೆ. ಮೊದಲ ವಾರದ ತಲೆನೋವು ನನಗೂ ಬಂದಿತ್ತು. ಉಪ್ಪು ಹಾಕಿದ ಮಜ್ಜಿಗೆ ಕುಡಿದರೆ ಹೋಗುತ್ತದೆ. ನಮ್ಮ ಜನ ತಟ್ಟೆಯ ತುಂಬ ಅನ್ನ ತಿಂದೇ ಕೆಟ್ಟಿದ್ದಾರೆ ಎಂಬುದು ನನ್ನ ಅಭಿಪ್ರಾಯ. ತಾಯಿಗೆ ಮಾತ್ರ ಸುಳ್ಳು ಹೇಳಬೇಡ.

ಪಥ್ಯದ ಅಡುಗೆಮನೆ

ನಾನು ಮೈಸೂರಿನಲ್ಲಿ ಆಹಾರತಜ್ಞೆಯಾಗಿ ಹದಿನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮೊದಲು ಅವಸರದ ಮಾತುಗಳನ್ನು ಹೇಳಿಬಿಡುತ್ತೇನೆ. ಆಟದ ನಡುವೆ ಕಣ್ಣು ಕತ್ತಲೆ ಬಂದದ್ದನ್ನು ಒಗ್ಗಿಕೊಳ್ಳುವ ಹಂತವೆಂದು ತಳ್ಳಿಹಾಕಬೇಡಿ. ಇಂದು ರಾತ್ರಿಯ ಊಟದಿಂದಲೇ ಮುದ್ದೆಯನ್ನು ಮತ್ತೆ ತಟ್ಟೆಗೆ ಬರಮಾಡಿಕೊಳ್ಳಿ, ವೈದ್ಯರು ನೋಡುವವರೆಗೆ ಅಭ್ಯಾಸಕ್ಕೆ ಹೋಗಬೇಡಿ, ತಾಯಿಗೆ ಇರುವುದನ್ನು ಇರುವಂತೆಯೇ ಹೇಳಿ. ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಹದಿಹರೆಯದ ಹುಡುಗನೊಬ್ಬ ವೇಗವಾಗಿ ತೂಕ ಕಳೆದುಕೊಂಡು, ಅವನ ಉಸಿರು ಹಣ್ಣಿನ ವಾಸನೆ ಹೊಡೆಯುತ್ತಿದೆಯೆಂದರೆ ನಾವು ಮೊದಲು ಕೇಳುವುದು ಪಥ್ಯದ ಬಗ್ಗೆಯಲ್ಲ. ಅತಿಯಾದ ಬಾಯಾರಿಕೆ ಇದೆಯೇ, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುತ್ತಾನೆಯೇ, ವಾಂತಿ ಅಥವಾ ಹೊಟ್ಟೆನೋವು ಇದೆಯೇ ಎಂದು ಕೇಳುತ್ತೇವೆ. ಇನ್ಸುಲಿನ್ ಇಲ್ಲದೆ ದೇಹ ಕೊಬ್ಬನ್ನು ಕರಗಿಸತೊಡಗಿದಾಗಲೂ ಇದೇ ವಾಸನೆ ಬರುತ್ತದೆ, ಮತ್ತು ಅದು ಒಂದು ದಿನವೂ ಕಾಯಬಾರದ ಸ್ಥಿತಿ. ನಿಮ್ಮ ವಿಷಯದಲ್ಲಿ ಪಥ್ಯವೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಆದರೂ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡಿಸುವುದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರವೇ ಸಾಕು. ನಾಳೆ ಬೆಳಿಗ್ಗೆಯೇ ಹೋಗಿ. ಈ ಲಕ್ಷಣಗಳಲ್ಲಿ ಯಾವುದಾದರೂ ಇದ್ದರೆ ನಾಳೆಯವರೆಗೂ ಕಾಯಬೇಡಿ.

ಈಗ 3.2 ಕಿಲೋ ಎಲ್ಲಿ ಹೋಯಿತು ಎಂಬುದನ್ನು ನೋಡೋಣ. ತಿಂದ ಪಿಷ್ಟದಲ್ಲಿ ಒಂದು ಪಾಲನ್ನು ದೇಹವು ಗ್ಲೈಕೋಜನ್ ಎಂಬ ರೂಪದಲ್ಲಿ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಕೂಡಿಡುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಪಿಷ್ಟ ನಿಂತ ಮೂರ್ನಾಲ್ಕು ದಿನಗಳಲ್ಲಿ ಈ ಕಣಜ ಬಹಳಷ್ಟು ಬರಿದಾಗುತ್ತದೆ, ಅದು ಹಿಡಿದಿದ್ದ ನೀರೂ ಹೋಗುತ್ತದೆ. ಇನ್ಸುಲಿನ್ ಮಟ್ಟ ಇಳಿದಾಗ ಮೂತ್ರಪಿಂಡಗಳು ಉಪ್ಪನ್ನು ಹೆಚ್ಚಾಗಿ ಹೊರಹಾಕುವುದರಿಂದ ಇನ್ನಷ್ಟು ನೀರು ಹೋಗುತ್ತದೆ. ನಿಮ್ಮ ತಲೆನೋವು, ತಲೆಸುತ್ತು ಬಹುಮಟ್ಟಿಗೆ ಇದರ ಫಲ. ಒಂದು ಕಿಲೋ ಮೈಕೊಬ್ಬು ಕರಗಬೇಕಾದರೆ ಸುಮಾರು 7,700 ಕಿಲೋ ಕ್ಯಾಲೊರಿ ಖರ್ಚಾಗಬೇಕು. ಒಂಬತ್ತು ದಿನಗಳಲ್ಲಿ ಮೂರು ಕಿಲೋ ಕೊಬ್ಬು ಕರಗುವ ಲೆಕ್ಕ ನೀವು ಹೇಗೆ ಕೂಡಿದರೂ ಕೂಡುವುದಿಲ್ಲ. ತಕ್ಕಡಿಯ ಮುಳ್ಳು ಸುಳ್ಳು ಹೇಳಿಲ್ಲ, ನಿಜ, ಆದರೆ ಇಳಿದದ್ದು ಏನೆಂದು ಅದು ಹೇಳಲಾರದು. ಕಬಡ್ಡಿಯ ಒಂದು ರೈಡಿನಂಥ ಮೂವತ್ತು ಸೆಕೆಂಡಿನ ಭರಾಟೆಗೆ ಸ್ನಾಯುಗಳು ಬಳಸುವುದು ಮುಖ್ಯವಾಗಿ ಇದೇ ಗ್ಲೈಕೋಜನನ್ನು. ಕಣಜ ಬರಿದು ಮಾಡಿಕೊಂಡು ಎದುರಾಳಿಯ ಅಂಕಣಕ್ಕೆ ಹೋಗಿದ್ದೀರಿ.

ಹುಬ್ಬಳ್ಳಿ ಕಾಕಾ ಅವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಮಧ್ಯವಯಸ್ಸಿನ ಸಕ್ಕರೆ ಕಾಯಿಲೆಯವರಿಗೆ ಪಿಷ್ಟ ಕಡಿಮೆ ಮಾಡುವುದರಿಂದ ಒಳ್ಳೆಯದಾಗುವುದನ್ನು ನಾನೂ ನೋಡುತ್ತೇನೆ. ಆದರೆ 54 ವರ್ಷದ ದೇಹಕ್ಕೂ 16 ವರ್ಷದ ದೇಹಕ್ಕೂ ಒಂದೇ ಪಥ್ಯ ಹೊಂದುವುದಿಲ್ಲ. ಒಂದು ಇರುವುದನ್ನು ಉಳಿಸಿಕೊಳ್ಳಬೇಕಾದ ದೇಹ, ಇನ್ನೊಂದು ಮೂಳೆ, ಸ್ನಾಯು, ರಕ್ತ ಎಲ್ಲವನ್ನೂ ಇನ್ನೂ ಕಟ್ಟುತ್ತಿರುವ ದೇಹ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಲ್ಲಿ ಕಾರ್ಬೋಹೈಡ್ರೇಟಿಗೆ ದಿನಕ್ಕೆ 130 ಗ್ರಾಂ ಎಂಬ ಅಂಕಿಯಿದೆ. ಮಿದುಳು ದಿನವೊಂದಕ್ಕೆ ಬಳಸುವ ಗ್ಲೂಕೋಸನ್ನು ಆಧರಿಸಿದ ಅಂಕಿ ಅದು. ಅದೇ ಪಟ್ಟಿಯ ಪ್ರಕಾರ ನಿಮ್ಮ ವಯಸ್ಸಿನ ಹುಡುಗನಿಗೆ ದಿನಕ್ಕೆ ಸುಮಾರು 55 ಗ್ರಾಂ ಪ್ರೋಟೀನ್, 1,050 ಮಿಲಿಗ್ರಾಂ ಸುಣ್ಣದಂಶ ಬೇಕು. 20 ಗ್ರಾಂ ಕಾರ್ಬ್ ಎಂದರೆ ಅರ್ಧ ಮುದ್ದೆಯಷ್ಟೂ ಅಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2023ರಲ್ಲಿ ಇದೇ ವಿಷಯದ ಮೇಲೆ ಒಂದು ವರದಿ ಪ್ರಕಟಿಸಿತು. ಸಕ್ಕರೆ ಕಾಯಿಲೆಯಿರುವ ಅಥವಾ ಬರುವ ಅಪಾಯವಿರುವ ಮಕ್ಕಳಲ್ಲಿಯೂ ಮೊದಲು ಕಡಿಮೆ ಮಾಡಬೇಕಾದದ್ದು ಸಿಹಿ ಪಾನೀಯ ಮತ್ತು ಮೈದಾದಂಥ ನಯಗೊಳಿಸಿದ ಧಾನ್ಯ ಎಂಬುದು ಅದರ ಒಟ್ಟು ನಿಲುವು. ಬಹಳ ಕಡಿಮೆ ಕಾರ್ಬಿನ ಪಥ್ಯವನ್ನು ವೈದ್ಯರ ನಿಕಟ ನಿಗಾ ಇಲ್ಲದೆ ಅದು ಒಪ್ಪುವುದಿಲ್ಲ.

ನಿಮ್ಮ ತಂದೆಯವರ ಮಾತು ಅರ್ಧ ನಿಜ. ನೂರು ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ. ಆದ್ದರಿಂದ ರಾಗಿಯನ್ನು ಲೋ ಕಾರ್ಬ್ ಎನ್ನಲು ಬರುವುದಿಲ್ಲ. ಆದರೆ ಅದೇ ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣದಂಶವಿದೆ, ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಸಹ ಇರುವುದಿಲ್ಲ. ಎಂಬತ್ತು ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿರುವ ಸುಣ್ಣದಂಶ ಒಂದು ಲೋಟ ಹಾಲಿನದಕ್ಕಿಂತ ಹೆಚ್ಚು. ಹಾಲಿನದರಷ್ಟು ಸಲೀಸಾಗಿ ಅದು ಮೈಗೆ ಹತ್ತುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿದರೂ ಮುದ್ದೆ ಬಿಟ್ಟು ಹಾಲನ್ನೂ ಬಿಟ್ಟ ಹುಡುಗನ ಮೂಳೆಗೆ ಏನು ಉಳಿಯಿತು?

ನಿಮ್ಮ ಊಟದ ವಿವರ ಓದುವಾಗ ನನಗೆ ಎದ್ದು ಕಂಡದ್ದು ನೀವು ಬರೆಯದೆ ಬಿಟ್ಟ ಸಂಗತಿ. ಪಥ್ಯಕ್ಕೆ ಮೊದಲು ಕಾಲೇಜಿನ ಬಳಿಯ ಬೇಕರಿಯಲ್ಲಿ ಏನು ತಿನ್ನುತ್ತಿದ್ದಿರಿ, ದಿನಕ್ಕೆ ಎಷ್ಟು ಸಲ ಕಾಫಿ ಅಥವಾ ಟೀ, ಎಷ್ಟು ಚಮಚ ಸಕ್ಕರೆ, ಎಷ್ಟು ಬಾಟಲಿ ತಂಪು ಪಾನೀಯ? 250 ಮಿಲಿಲೀಟರಿನ ಒಂದು ಕೋಲಾ ಬಾಟಲಿಯಲ್ಲಿ ಐದು ಚಮಚಕ್ಕೂ ಮಿಕ್ಕಿ ಸಕ್ಕರೆ ಇರುತ್ತದೆ. ಒಂದು ವರ್ಷದಲ್ಲಿ ಎರಡು ಅಳತೆ ಹೆಚ್ಚಿಸಿದ್ದು ನಿಮ್ಮ ಮನೆಯ ಮುದ್ದೆಯಲ್ಲ. ನೀವು ಕಬಡ್ಡಿ ಆಡುತ್ತಿದ್ದ ಕಾಲದಲ್ಲಿಯೂ ಅದೇ ಮುದ್ದೆಯನ್ನೇ ಉಣ್ಣುತ್ತಿದ್ದಿರಲ್ಲವೇ?

ನಮ್ಮ ಸೀಮೆಯ ತಟ್ಟೆಯಲ್ಲಿ ದೋಷವಿಲ್ಲವೆಂದು ಇದರ ಅರ್ಥವಲ್ಲ. ಬಸ್ಸಾರನ್ನೇ ತೆಗೆದುಕೊಳ್ಳಿ. ಸೊಪ್ಪು, ಕಾಳು ಬೇಯಿಸಿ, ಬಸಿದ ಕಟ್ಟಿಗೆ ಮಸಾಲೆ ಹಾಕಿದರೆ ಸಾರು. ಬಸಿದುಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಪ್ರೋಟೀನ್ ಮತ್ತು ನಾರಿನ ಬಹುಪಾಲು ಪಲ್ಯದಲ್ಲಿ ಉಳಿದಿರುತ್ತದೆ. ಆದರೆ ಹುಡುಗರು ಎರಡು ಮುದ್ದೆಯನ್ನು ಸಾರಿನಲ್ಲಿ ಮುಳುಗಿಸಿ ನುಂಗಿ, ಮೇಲೆ ಒಂದು ರಾಶಿ ಅನ್ನಕ್ಕೂ ಅದೇ ಸಾರು ಸುರಿದುಕೊಂಡು, ಪಲ್ಯವನ್ನು ತಟ್ಟೆಯ ಅಂಚಿಗೆ ಒಂದು ಚಮಚ ಹಾಕಿಸಿಕೊಂಡು ಏಳುತ್ತಾರೆ. ಇದನ್ನು ತಿರುಗಿಸಿ: ಒಂದು ಮುದ್ದೆ, ಎರಡು ಸೌಟು ಪಲ್ಯ, ಬೇಕಾದರೆ ಒಂದು ಹಿಡಿ ಅನ್ನಕ್ಕೆ ಗಟ್ಟಿ ಮೊಸರು. ನಿಮ್ಮ ಮೂರು ಮೊಟ್ಟೆಗಳನ್ನು ಬಿಡಬೇಕಾಗಿಲ್ಲ. ಅವುಗಳ ಜೊತೆಗೆ ಒಂದು ರಾಗಿರೊಟ್ಟಿಯನ್ನೋ ಎರಡು ಇಡ್ಲಿಯನ್ನೋ ಸೇರಿಸಿಕೊಳ್ಳಿ. ಹುರುಳಿ, ಅವರೆ, ಅಲಸಂದೆ, ಮೊಳಕೆ ಹೆಸರು ಇವು ನಿಮ್ಮ ಹೊಲದಂಚಿನಲ್ಲಿಯೇ ಬೆಳೆಯುವಾಗ ದಿನವೂ ಪನೀರಿಗೆ ದುಡ್ಡು ಸುರಿಯುವುದು ಏಕೆ? ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ಕೂಡ ಧಾನ್ಯದಿಂದ ಬರುವ ಶಕ್ತಿ ಒಟ್ಟು ಶಕ್ತಿಯ ಶೇಕಡಾ 45ನ್ನು ಮೀರದಿರಲಿ ಎನ್ನುತ್ತದೆ. ನಮ್ಮಲ್ಲಿ ಬಹಳ ಮನೆಗಳ ಊಟಕ್ಕೆ ಹೋಲಿಸಿದರೆ ಅದೇ ಸಾಕಷ್ಟು ಕಡಿಮೆ ಕಾರ್ಬಿನ ಊಟ.

ಕತ್ತಿನ ಕಪ್ಪು ಕೊಳೆಯಲ್ಲ, ಉಜ್ಜಿದರೆ ಹೋಗುವುದೂ ಇಲ್ಲ. ರಕ್ತದಲ್ಲಿ ಇನ್ಸುಲಿನ್ ಅಗತ್ಯಕ್ಕಿಂತ ಹೆಚ್ಚಾಗಿದ್ದಾಗ ಕತ್ತು, ಕಂಕುಳುಗಳ ಚರ್ಮ ಹೀಗೆ ದಪ್ಪವಾಗಿ ಕಪ್ಪಾಗುತ್ತದೆ. ಹರೆಯದಲ್ಲಿ ಇನ್ಸುಲಿನ್‌ಗೆ ದೇಹ ಸ್ವಲ್ಪ ಮೊಂಡಾಗುವುದು ಸಹಜ, ತೂಕ ಹೆಚ್ಚಿದ್ದರೆ ಅದು ಇನ್ನಷ್ಟು ಹೆಚ್ಚುತ್ತದೆ. 2016ರಿಂದ 18ರವರೆಗೆ ದೇಶದಾದ್ಯಂತ ನಡೆದ ಮಕ್ಕಳ ಪೋಷಣೆಯ ಸಮೀಕ್ಷೆಯಲ್ಲಿ ಹದಿಹರೆಯದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆಯ ಹೊಸ್ತಿಲ ಮಟ್ಟದ ಅಂಕಿಗಳು ಕಂಡಿದ್ದವು. ಆದ್ದರಿಂದ ವೈದ್ಯರ ಬಳಿ ಹೋದಾಗ ಕತ್ತನ್ನು ತೋರಿಸಿ, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಎಚ್‌ಬಿಎ1ಸಿ, ಯಕೃತ್ತಿನ ಕಿಣ್ವ, ಕೊಲೆಸ್ಟರಾಲ್, ಥೈರಾಯ್ಡ್, ರಕ್ತದೊತ್ತಡ ಇವುಗಳನ್ನು ನೋಡಬೇಕೇ ಎಂದು ಕೇಳಿ.

ತಕ್ಕಡಿ ಹಿಡಿದ ಅಪ್ಪ

ದಿನಕ್ಕೆ 20 ಗ್ರಾಂ ಎಂಬ ಮಾತನ್ನು ಜನ ಎಷ್ಟು ಹಗುರವಾಗಿ ಆಡುತ್ತಾರೆಂದು ಓದಿ ಇದನ್ನು ಬರೆಯುತ್ತಿದ್ದೇನೆ. ನನ್ನ ಮಗಳಿಗೆ ಏಳು ವರ್ಷ. ಮೂರ್ಛೆರೋಗಕ್ಕೆ ಮೂರು ಬಗೆಯ ಔಷಧಿ ಕೊಟ್ಟರೂ ದಿನಕ್ಕೆ ನಾಲ್ಕೈದು ಸಲ ಫಿಟ್ಸ್ ಬರುತ್ತಿದ್ದಾಗ ಬೆಂಗಳೂರಿನ ನರರೋಗ ವೈದ್ಯರು ಕಾರ್ಬ್ ತೀರ ಕಡಿಮೆ, ಕೊಬ್ಬು ಬಹಳ ಹೆಚ್ಚು ಇರುವ ಕೀಟೋಜೆನಿಕ್ ಪಥ್ಯ ಹೇಳಿದರು. ಈ ಪಥ್ಯ ಹುಟ್ಟಿದ್ದೇ ಮೂರ್ಛೆರೋಗಕ್ಕಾಗಿ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಎಂಬ ವೈದ್ಯರು ಉಪವಾಸದ ಪರಿಣಾಮವನ್ನು ಊಟದಿಂದಲೇ ತರಬಹುದೇ ಎಂದು ಯೋಚಿಸಿ ಇದನ್ನು ಸೂಚಿಸಿ, ಇದಕ್ಕೆ ಈ ಹೆಸರನ್ನೂ ಇಟ್ಟರು. ತೂಕ ಇಳಿಸುವವರ ಕೈಗೆ ಇದು ಬಂದದ್ದು ಬಹಳ ತಡವಾಗಿ.

ನಮಗೆ ಇದನ್ನು ವಿಡಿಯೋ ನೋಡಿ ಶುರುಮಾಡಲು ಬಿಡಲಿಲ್ಲ. ಮಗುವನ್ನು ಆಸ್ಪತ್ರೆಗೆ ಸೇರಿಸಿಕೊಂಡು, ಹಗಲೂ ರಾತ್ರಿ ರಕ್ತದ ಸಕ್ಕರೆ ನೋಡುತ್ತ ಆರಂಭಿಸಿದರು. ನಾಲ್ಕು ಗ್ರಾಂ ಕೊಬ್ಬಿಗೆ ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟ್ ಎರಡೂ ಸೇರಿ ಒಂದೇ ಗ್ರಾಂ ಎಂಬ ಲೆಕ್ಕ. ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಅಕ್ಕಸಾಲಿಗರ ಅಂಗಡಿಯಲ್ಲಿರುವಂಥ ಪುಟ್ಟ ತಕ್ಕಡಿಯಿದೆ. ಬೀನ್ಸ್, ಮೊಟ್ಟೆ, ಕೆನೆ, ಕೊಬ್ಬರಿ ಎಣ್ಣೆ ಎಲ್ಲವೂ ಅದರ ಮೇಲೆ ಏರಿಯೇ ಬಾಣಲೆಗೆ ಇಳಿಯಬೇಕು. ಬಟ್ಟಲಿಗೆ ಅಂಟಿದ ತುಪ್ಪವನ್ನು ನನ್ನ ಹೆಂಡತಿ ಬೆರಳಿನಿಂದ ಬಳಿದು ಮಗುವಿನ ಬಾಯಿಗೆ ಇಡುತ್ತಾಳೆ, ಏಕೆಂದರೆ ಅದೂ ಲೆಕ್ಕದೊಳಗಿನದು. ಸಿಹಿ ಇರುವ ಜ್ವರದ ಸಿರಪ್ ಕೂಡ ಕೊಡುವಂತಿಲ್ಲ, ಮಾತ್ರೆಯೇ ಆಗಬೇಕು. ಸುಣ್ಣದಂಶ ಮತ್ತು ವಿಟಮಿನ್ ಬೇರೆಯಾಗಿ ಕೊಡುತ್ತೇವೆ, ಮೂತ್ರಪಿಂಡದಲ್ಲಿ ಕಲ್ಲು ಆಗದಂತೆ ಇನ್ನೊಂದು ಔಷಧಿ ಇದೆ, ಮೂರು ತಿಂಗಳಿಗೊಮ್ಮೆ ರಕ್ತ, ಮೂತ್ರ, ತೂಕ, ಎತ್ತರ ನೋಡಿಸುತ್ತೇವೆ. ಫಿಟ್ಸ್ ಈಗ ವಾರಕ್ಕೆ ಒಂದೋ ಎರಡೋ. ಅದಕ್ಕಾಗಿ ನಾವು ಇದನ್ನೆಲ್ಲ ಸಂತೋಷದಿಂದ ಮಾಡುತ್ತೇವೆ. ಆದರೆ ಕಳೆದ ವರ್ಷ ಅವಳ ಎತ್ತರ ನಿರೀಕ್ಷೆಯಷ್ಟು ಏರಲಿಲ್ಲ, ಮತ್ತು ಅದನ್ನು ವೈದ್ಯರು ನಮಗೆ ಮೊದಲೇ ಹೇಳಿದ್ದರು. ಒಂದು ದೊಡ್ಡ ಕೇಡನ್ನು ತಡೆಯಲು ಈ ಬೆಲೆ ತೆರುತ್ತಿದ್ದೇವೆ. ಹತ್ತು ಕಿಲೋ ಇಳಿಸುವುದಕ್ಕೆ ಅದೇ ಬೆಲೆ ತೆರಬೇಕೇ ಎಂದು ಯೋಚಿಸಪ್ಪಾ.

ತುಂಗೆಯ ದಡದವಳು

ನಿನ್ನನ್ನು ತಮ್ಮನೆಂದು ಭಾವಿಸಿ ಏಕವಚನದಲ್ಲಿಯೇ ಬರೆಯುತ್ತೇನೆ. ನಿನ್ನ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ತಲೆನೋವಿನ ಸಾಲಲ್ಲ, ಡಬ್ಬಿಯನ್ನು ಗೆಳೆಯನಿಗೆ ಕೊಟ್ಟ ಸಾಲು. ನಾನು ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಪದವಿಯ ಮೊದಲ ವರ್ಷ ಓದುವಾಗ, ಅಕ್ಕನ ಮದುವೆಯ ಫೋಟೋ ನೋಡಿ ಯಾರೋ ಆಡಿದ ಒಂದು ಮಾತಿಗೆ ಅನ್ನ ಬಿಟ್ಟೆ. ಆಗ ಇದಕ್ಕೆ ಲೋ ಕಾರ್ಬ್ ಎಂಬ ಹೆಸರೂ ನನಗೆ ಗೊತ್ತಿರಲಿಲ್ಲ. ಮೊದಲು ಅನ್ನ, ಆಮೇಲೆ ಚಪಾತಿ, ಆಮೇಲೆ ಬಾಳೆಹಣ್ಣು. ಬಿಟ್ಟದ್ದರ ಪಟ್ಟಿ ಬೆಳೆಯುತ್ತ ಹೋಯಿತೇ ಹೊರತು ಒಂದು ದಿನವೂ ಕಿರಿದಾಗಲಿಲ್ಲ. ಮೆಸ್ಸಿನಲ್ಲಿ ತಟ್ಟೆ ತುಂಬಿಸಿಕೊಂಡು ಬಂದು, ಕಿಟಕಿಯಾಚೆ ಕಾಯುತ್ತಿದ್ದ ನಾಯಿಗೆ ಹಾಕಿ, ಖಾಲಿ ತಟ್ಟೆಯನ್ನು ಎಲ್ಲರಿಗೂ ಕಾಣುವಂತೆ ತೊಳೆಯುತ್ತಿದ್ದೆ. ಐದು ತಿಂಗಳು ಮುಟ್ಟು ನಿಂತಿತು. ಬಾಚಣಿಗೆಯ ತುಂಬ ಕೂದಲು ಬರುತ್ತಿತ್ತು. ನೆಲದ ಮೇಲೆ ಬಿದ್ದದ್ದನ್ನು ರೂಮಿನವರು ನೋಡಬಾರದೆಂದು ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತಿದ್ದೆ.

ಕಾಯಿಲೆ ಶುರುವಾದದ್ದು ನಾನು ಸುಳ್ಳು ಹೇಳಿದ ದಿನದಿಂದ ಎಂದು ಈಗ ತಿಳಿಯುತ್ತದೆ. ಸುಳ್ಳು ಹೇಳಿದ ಮೇಲೆ ತಲೆಸುತ್ತು ಬಂದರೂ ಹೇಳಿಕೊಳ್ಳಲು ಯಾರೂ ಇರುವುದಿಲ್ಲ. ನನ್ನನ್ನು ಹೊರತಂದದ್ದು ಒಬ್ಬ ಮನೋವೈದ್ಯೆ ಮತ್ತು ಎಂಟು ತಿಂಗಳ ಕಾಲ. ಆ ಎಂಟು ತಿಂಗಳಲ್ಲಿ ಅಮ್ಮ ಒಂದು ಸಲವೂ "ಇನ್ನೊಂದು ತುತ್ತು" ಎಂದು ಒತ್ತಾಯಿಸಲಿಲ್ಲ, ನನ್ನ ಎದುರಿಗೆ ಕುಳಿತು ತಾನೂ ಉಣ್ಣುತ್ತಿದ್ದಳು ಅಷ್ಟೇ. ಹುಡುಗರಿಗೆ ಇಂಥದ್ದು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡ. ದಿನಕ್ಕೆ ಎಷ್ಟು ಸಲ ತೂಕ ನೋಡಿಕೊಳ್ಳುತ್ತಿದ್ದೀಯೆ ಎಂದು ನಿನ್ನನ್ನೇ ಕೇಳಿಕೋ. ಒಂದಕ್ಕಿಂತ ಹೆಚ್ಚು ಎಂದಾದರೆ ಅದನ್ನೂ ವೈದ್ಯರಿಗೆ ಹೇಳು. ಮತ್ತೆ, ಎಲ್ಲರ ಎದುರಿಗೆ ಹಾಗೆ ಹೇಳಿದ್ದು ಆ ಮೇಷ್ಟ್ರ ತಪ್ಪು, ನಿನ್ನದಲ್ಲ.

ಹುಬ್ಬಳ್ಳಿ ಕಾಕಾ

ನನ್ನ ಮಾತು ಅವಸರದ್ದಾಯಿತು. ಹುಡುಗ ಕುಸಿದು ಕುಳಿತದ್ದನ್ನು ಓದಿಯೂ ಮಜ್ಜಿಗೆ ಕುಡಿ ಎಂದು ಬರೆದಿದ್ದೇನೆ. ನಾನು ಊಟ ಬದಲಿಸಿದ್ದು ನನ್ನ ಡಾಕ್ಟರರಿಗೆ ಹೇಳಿ, ಮಾತ್ರೆಯ ಪ್ರಮಾಣ ತಗ್ಗಿಸಿಕೊಂಡು ಎಂಬುದನ್ನು ಬರೆಯುವುದೂ ಮರೆತಿತ್ತು. ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹಾಗೆ ಮಾಡದೆ ಪಿಷ್ಟ ನಿಲ್ಲಿಸಿದರೆ ಸಕ್ಕರೆ ಒಮ್ಮೆಲೇ ಕುಸಿದು ಎಚ್ಚರ ತಪ್ಪಬಹುದು. ಇದನ್ನು ಓದುವ ನನ್ನ ವಯಸ್ಸಿನವರಿಗಾಗಿ ಸೇರಿಸುತ್ತಿದ್ದೇನೆ. ಆದರೂ ಪಥ್ಯದ ಅಡುಗೆಮನೆಯವರಿಗೆ ಒಂದು ಪ್ರಶ್ನೆ: ತೂಕ ಇಳಿಸುವುದರಲ್ಲಿ ಕಾರ್ಬ್ ಕಡಿಮೆ ಮಾಡುವುದೇ ಎಲ್ಲಕ್ಕಿಂತ ಪರಿಣಾಮಕಾರಿ ಎಂಬುದು ಸಾಬೀತಾಗಿದೆಯಲ್ಲವೇ?

ಪಥ್ಯದ ಅಡುಗೆಮನೆ

ಮೊದಲ ಕೆಲವು ತಿಂಗಳು ಅದು ಮುಂದೆ ಓಡಿದಂತೆ ಕಾಣುತ್ತದೆ, ಆಮೇಲೆ ಉಳಿದ ಪಥ್ಯಗಳು ಬಂದು ಸೇರಿಕೊಳ್ಳುತ್ತವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ವಯಸ್ಕರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಡಿಮೆ ಕೊಬ್ಬಿನ, ಇನ್ನೊಂದಕ್ಕೆ ಕಡಿಮೆ ಕಾರ್ಬಿನ ಊಟ ಹೇಳಿ ಒಂದು ವರ್ಷ ಗಮನಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ಗುಂಪು ಸರಾಸರಿ 5.3 ಕಿಲೋ, ಎರಡನೆಯದು 6 ಕಿಲೋ ಇಳಿದಿತ್ತು. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಅದು ವ್ಯತ್ಯಾಸವೇ ಅಲ್ಲ. ಎರಡೂ ಗುಂಪಿಗೆ ಸಮಾನವಾಗಿ ಹೇಳಿದ್ದ ಮಾತು ಒಂದಿತ್ತು: ಸಕ್ಕರೆ ಮತ್ತು ಮೈದಾ ಕಡಿಮೆ ಮಾಡಿ, ತರಕಾರಿ ಹೆಚ್ಚು ಮಾಡಿ, ಸಾಧ್ಯವಾದಷ್ಟು ಮನೆಯಲ್ಲಿಯೇ ಬೇಯಿಸಿ ಉಣ್ಣಿ. ನನ್ನ ಬಳಿಗೆ ಬರುವ ಹುಡುಗ ಹುಡುಗಿಯರಿಗೆ ನಾನು ತೂಕದ ಗುರಿಯನ್ನೇ ಹಾಕುವುದಿಲ್ಲ. ಇನ್ನೂ ಎತ್ತರ ಬೆಳೆಯುತ್ತಿರುವವರಾದರೆ ತೂಕ ಇದ್ದಲ್ಲಿಯೇ ನಿಂತರೂ ಎಷ್ಟೋ ಸಲ ಸಾಕಾಗುತ್ತದೆ.

ಕಬ್ಬಿನಗದ್ದೆ

ಎಲ್ಲರಿಗೂ ಧನ್ಯವಾದಗಳು. ಅಂದು ರಾತ್ರಿಯೇ ಅಮ್ಮನಿಗೆ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ, ಅವಳು "ಆ ಚಿತ್ರಾನ್ನಾನ ಒಂಬತ್ತು ದಿನ ಯಾರು ತಿಂದ್ರು?" ಎಂದು ಕೇಳಿದಳು, ಗೆಳೆಯನ ಹೆಸರು ಹೇಳಿದ ಮೇಲೆ ನಗತೊಡಗಿದಳು. ಮರುದಿನ ಬೆಳಿಗ್ಗೆ ಆರೋಗ್ಯ ಕೇಂದ್ರಕ್ಕೆ ಹೋದೆವು. ಸಕ್ಕರೆ 92 ಇತ್ತು, ಅವಸರದ ಭಯವೇನೂ ಇಲ್ಲ ಎಂದರು. ಆಮೇಲೆ ತಾಲ್ಲೂಕಿನಲ್ಲಿ ಮಕ್ಕಳ ವೈದ್ಯರಿಗೆ ತೋರಿಸಿದೆವು. ಎಚ್‌ಬಿಎ1ಸಿ 5.8 ಬಂದಿದೆ, ಅದು ಹೊಸ್ತಿಲ ಅಂಕಿಯಂತೆ. ವಿಟಮಿನ್ ಡಿ ಕಡಿಮೆ ಇದೆಯೆಂದು ಮಾತ್ರೆ ಬರೆದಿದ್ದಾರೆ. ಕತ್ತನ್ನು ನೋಡಿದ ಕೂಡಲೇ ಅಮ್ಮನ ಕಡೆ ತಿರುಗಿ "ಉಜ್ಜುವುದನ್ನು ನಿಲ್ಲಿಸಿ, ಚರ್ಮ ಹರಿಯುತ್ತದೆ" ಎಂದರು. ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ. ಆಟವನ್ನು ಹತ್ತು ದಿನದ ನಂತರ ಶುರುಮಾಡಲು ಹೇಳಿದ್ದಾರೆ.

ತುಂಗೆಯ ದಡದ ಅಕ್ಕ, ನಾನು ದಿನಕ್ಕೆ ನಾಲ್ಕು ಸಲ ತೂಕ ನೋಡಿಕೊಳ್ಳುತ್ತಿದ್ದೆ. ಅದನ್ನೂ ವೈದ್ಯರಿಗೆ ಹೇಳಿದೆ. ಈಗ ತೂಕದ ಯಂತ್ರವನ್ನು ಅಪ್ಪ ಆಲೆಮನೆಯ ಕೋಣೆಯಲ್ಲಿಟ್ಟು ಬೀಗ ಹಾಕಿದ್ದಾರೆ.

ಪಥ್ಯದ ಅಡುಗೆಮನೆಯ ಮೇಡಂ ಕೇಳಿದ್ದಕ್ಕೆ ಉತ್ತರ: ದಿನಕ್ಕೆ ಮೂರು ಕಾಫಿ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ, ಟ್ಯೂಷನ್ ಮುಗಿದ ಮೇಲೆ ಒಂದು ಎಗ್ ಪಫ್ ಮತ್ತು ಒಂದು ತಂಪು ಪಾನೀಯ, ವಾರಕ್ಕೆ ಎರಡು ಸಲ ಗೋಬಿ ಮಂಚೂರಿ. ಬರೆದು ನೋಡಿದಾಗ ನನಗೇ ನಾಚಿಕೆಯಾಯಿತು. ಆಲೆಮನೆ ನಡೆಯುವ ದಿನಗಳಲ್ಲಿ ಬಿಸಿಬೆಲ್ಲ ತಿನ್ನುವುದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಕಬ್ಬು ಬೆಳೆಯುವ ಮನೆಯಲ್ಲಿ ಬೆಲ್ಲ ಬೇಡ ಎನ್ನುವುದು ಹೇಗೆ ಎಂಬುದೇ ಈಗ ಉಳಿದಿರುವ ಕಷ್ಟ. ಸಕ್ಕರೆಯ ಬದಲು ಕಾಫಿಗೆ ಬೆಲ್ಲ ಹಾಕಿದರೆ ನಡೆಯುತ್ತದೆಯೇ ಎಂದು ಅಜ್ಜಿ ಕೇಳಲು ಹೇಳಿದ್ದಾರೆ.

ಪಥ್ಯದ ಅಡುಗೆಮನೆ

ನಾಚಿಕೆಪಡುವಂಥದ್ದೇನೂ ಅಲ್ಲ. ನನ್ನ ಬಳಿಗೆ ಬರುವ ಪಿಯುಸಿ ಮಕ್ಕಳಲ್ಲಿ ಬಹುತೇಕರ ಪಟ್ಟಿ ಹೀಗೆಯೇ ಇರುತ್ತದೆ. ಅಜ್ಜಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಕಾರ್ಬೋಹೈಡ್ರೇಟಿನ ಲೆಕ್ಕದಲ್ಲಿ ಬೆಲ್ಲಕ್ಕೂ ಸಕ್ಕರೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬೆಲ್ಲದಲ್ಲಿರುವ ಖನಿಜಾಂಶಕ್ಕಾಗಿ ಬೆಲ್ಲ ತಿನ್ನಹೊರಟರೆ ಮುದ್ದೆಯಷ್ಟು ದೊಡ್ಡ ಉಂಡೆ ತಿನ್ನಬೇಕಾಗುತ್ತದೆ. ಕಾಫಿಗೆ ಈ ವಾರ ಒಂದೂವರೆ ಚಮಚ, ಹದಿನೈದು ದಿನ ಬಿಟ್ಟು ಒಂದು, ಆಮೇಲೆ ಅರ್ಧ ಎಂದು ಇಳಿಸಿ, ನಾಲಗೆಗೆ ಗೊತ್ತಾಗುವುದಿಲ್ಲ. ಆಲೆಮನೆಯ ಬಿಸಿಬೆಲ್ಲವನ್ನು ಮಾತ್ರ ನಾನು ಬೇಡವೆನ್ನಲಾರೆ. ಅದು ವರ್ಷಪೂರ್ತಿ ಇರುವುದಲ್ಲ, ಒಂದು ತುಂಡು ತಿಂದು ಕೈ ತೊಳೆದುಕೊಂಡು ಅಭ್ಯಾಸಕ್ಕೆ ಹೋಗಿ. ಟ್ಯೂಷನ್ ಮುಗಿದ ಮೇಲೆ ಹಸಿವಾಗುವುದು ಸಹಜ. ಆ ಹೊತ್ತಿಗೆಂದು ಬೆಳಿಗ್ಗೆಯೇ ಚಿಕ್ಕ ಡಬ್ಬಿಯಲ್ಲಿ ಬೇಯಿಸಿದ ಕಡಲೆಕಾಯಿಯನ್ನೋ ಅವರೆಕಾಳಿನ ಉಸಲಿಯನ್ನೋ ಹಾಕಿಸಿಕೊಳ್ಳಿ, ಮತ್ತು ಎರಡನೆಯ ಡಬ್ಬಿಯನ್ನು ಮಾತ್ರ ಗೆಳೆಯನಿಗೆ ಕೊಡಬೇಡಿ.

ಕಬ್ಬಿನಗದ್ದೆ

ಅವನು ಈಗಾಗಲೇ ಕೇಳಿದ್ದಾನೆ, ಮೇಡಂ. ಅಮ್ಮ ಅವನಿಗೂ ಸೇರಿಸಿ ದೊಡ್ಡ ಡಬ್ಬಿಯನ್ನೇ ಕಟ್ಟುತ್ತಿದ್ದಾಳೆ.